ನದಿಗಳ ಹೆಸರಿನ ನಾಲ್ಕು ಸಮರನೌಕೆಗಳು

ಜಪಾನಿನ ನೌಕಾಪಡೆಯಲ್ಲಿ ಹಡಗುಗಳಿಗೆ ಹೆಸರಿಡುವುದಕ್ಕೂ ಒಂದು ಕಟ್ಟುಪಾಡಿತ್ತು. ದೊಡ್ಡ ಕ್ರೂಸರ್‌ಗಳಿಗೆ ಸಾಮಾನ್ಯವಾಗಿ ಬೆಟ್ಟಗಳ ಹೆಸರು, ಚಿಕ್ಕ ಕ್ರೂಸರ್‌ಗಳಿಗೆ ನದಿಗಳ ಹೆಸರು. ಹೆಸರು ಕೇಳಿದರೆ ಸಾಕು, ಹಡಗು ಯಾವ ವರ್ಗದ್ದೆಂದು ತಿಳಿದುಬಿಡುತ್ತಿತ್ತು. ಮೊಗಾಮಿ, ಮಿಕುಮಾ, ಸುಜುಯಾ, ಕುಮಾನೊ ಎಂಬ ನಾಲ್ಕೂ ನದಿಗಳ ಹೆಸರುಗಳೇ. ಆದರೆ ಎರಡನೆಯ ಮಹಾಯುದ್ಧದಲ್ಲಿ ಈ ಹೆಸರು ಹೊತ್ತು ಹೊರಟ ನಾಲ್ಕು ಹಡಗುಗಳು ಚಿಕ್ಕವಾಗಿರಲಿಲ್ಲ. ತಲಾ 200 ಮೀಟರ್ ಉದ್ದ, ಹತ್ತು ಭಾರಿ ಫಿರಂಗಿ, 850ರ ಆಸುಪಾಸು ನಾವಿಕರು. ಹೆಸರು ಒಂದು, ವಸ್ತು ಇನ್ನೊಂದು. ಈ ಅಂತರ ಹೇಗೆ ಹುಟ್ಟಿತು, ಆ ಹಡಗುಗಳನ್ನೂ ಅವುಗಳಲ್ಲಿದ್ದವರನ್ನೂ ಅದು ಎಲ್ಲಿಗೆ ಮುಟ್ಟಿಸಿತು ಎಂಬುದೇ ಇಂದಿನ ಮಾತಿನ ವಿಷಯ.

ಕ್ರೂಸರ್ ಎಂದರೆ ಏನು ಎಂಬುದನ್ನು ಮೊದಲು ನೋಡಬೇಕು. ನೌಕಾಪಡೆಯ ಅತಿ ದೊಡ್ಡ ಫಿರಂಗಿ ಹಡಗು ಬ್ಯಾಟಲ್‌ಶಿಪ್. ಅದು ಬಲಿಷ್ಠ, ಆದರೆ ನಿಧಾನ, ಮೇಲಾಗಿ ಬಲು ದುಬಾರಿ. ಅತಿ ಚುರುಕಿನ ಚಿಕ್ಕ ಹಡಗು ಡೆಸ್ಟ್ರಾಯರ್. ಇವೆರಡರ ನಡುವಿನದು ಕ್ರೂಸರ್. ಒಬ್ಬಂಟಿಯಾಗಿ ದೂರ ಹೋಗಬಲ್ಲದು, ಶತ್ರುವಿನ ಸರಕು ಹಡಗುಗಳನ್ನು ಅಟ್ಟಿಸಿಕೊಂಡು ಹೋಗಬಲ್ಲದು, ತನ್ನ ಪಡೆಗೆ ಕಾವಲೂ ನಿಲ್ಲಬಲ್ಲದು. ಒಂದನೆಯ ಮಹಾಯುದ್ಧದ ನಂತರ ಬ್ಯಾಟಲ್‌ಶಿಪ್‌ಗಳ ಸಂಖ್ಯೆಗೆ ಒಪ್ಪಂದದ ಕಡಿವಾಣ ಬಿದ್ದಾಗ ಪೈಪೋಟಿಯೆಲ್ಲ ಈ ನಡುವಿನ ಹಡಗಿನತ್ತ ಹರಿಯಿತು.

ಒಪ್ಪಂದದ ಸಂದಿಯಲ್ಲಿ

1922ರ ವಾಷಿಂಗ್ಟನ್ ಒಪ್ಪಂದ ಕ್ರೂಸರ್‌ಗೆ ಎರಡು ಮಿತಿ ಹಾಕಿತ್ತು. ತೂಕ 10,000 ಟನ್ ಮೀರಬಾರದು, ಫಿರಂಗಿಯ ಬಾಯಿ ಎಂಟು ಇಂಚು, ಅಂದರೆ 203 ಮಿಲಿಮೀಟರ್ ಮೀರಬಾರದು. ಎಷ್ಟು ಕ್ರೂಸರ್ ಕಟ್ಟಬಹುದು ಎಂಬುದಕ್ಕೆ ಮಿತಿ ಇರಲಿಲ್ಲ. ಆ ಮಿತಿಯನ್ನು 1930ರ ಲಂಡನ್ ಒಪ್ಪಂದ ತಂದಿತು. ಭಾರಿ ಕ್ರೂಸರ್‌ಗಳು ಅಮೆರಿಕಕ್ಕೆ 18, ಬ್ರಿಟನ್ನಿಗೆ 15, ಜಪಾನಿಗೆ 12. ಜಪಾನಿನ ಹನ್ನೆರಡೂ ಆಗಲೇ ಲೆಕ್ಕಕ್ಕೆ ಬಂದಿದ್ದವು. ಇನ್ನು ಒಂದನ್ನೂ ಸೇರಿಸುವಂತಿರಲಿಲ್ಲ.

ಆದರೆ ಒಪ್ಪಂದದಲ್ಲಿ ಇನ್ನೊಂದು ಕಂತೆಯಿತ್ತು. 155 ಮಿಲಿಮೀಟರ್ ಫಿರಂಗಿಯ ಹಗುರ ಕ್ರೂಸರ್‌ಗಳಿಗೆ ಬೇರೆಯೇ ಲೆಕ್ಕ. ಜಪಾನಿನ ಪಾಲು ಒಟ್ಟು 1,00,450 ಟನ್. ಟೋಕಿಯೊದ ಯೋಜಕರು ಈ ಸಂದಿಯನ್ನು ಹಿಡಿದರು. 8,500 ಟನ್ ತೂಕದ ನಾಲ್ಕು ಹಗುರ ಕ್ರೂಸರ್‌ಗಳನ್ನು ಕಟ್ಟುವುದಾಗಿ ಸಾರಿದರು. ಒಂದೊಂದರಲ್ಲೂ ಮೂರು ಮೂರರ ಐದು ಗೋಪುರಗಳಲ್ಲಿ 155 ಮಿಲಿಮೀಟರಿನ ಹದಿನೈದು ಫಿರಂಗಿಗಳು. ಒಳಗಿನ ಗುಟ್ಟು ಬೇರೆ ಇತ್ತು. ಈ ಗೋಪುರಗಳನ್ನು ಕಿತ್ತು ಅದೇ ಜಾಗದಲ್ಲಿ 203 ಮಿಲಿಮೀಟರಿನ ಜೋಡಿ ಫಿರಂಗಿಗಳ ಗೋಪುರ ಕೂರಿಸಲು ಮೊದಲೇ ಅನುಕೂಲ ಮಾಡಿಡಲಾಗಿತ್ತು. ಒಪ್ಪಂದ ಮುಗಿದ ಮರುದಿನವೇ ಹಗುರ ಕ್ರೂಸರ್ ಭಾರಿ ಕ್ರೂಸರ್ ಆಗಬಹುದು.

ಎದುರಾಳಿಗಳು ಸುಮ್ಮನಿರಲಿಲ್ಲ. ಹದಿನೈದು ಫಿರಂಗಿಗಳ ಸುದ್ದಿ ಕೇಳಿ ಅಮೆರಿಕ ತಾನೂ ಹದಿನೈದು ಫಿರಂಗಿಗಳ ಬ್ರೂಕ್ಲಿನ್ ವರ್ಗದ ಹಡಗುಗಳನ್ನು ಕಟ್ಟಿತು. ಬ್ರಿಟನ್ ಹನ್ನೆರಡು ಫಿರಂಗಿಗಳ ಸೌತಾಂಪ್ಟನ್ ವರ್ಗವನ್ನು ಕಟ್ಟಿತು. ಅಸ್ತ್ರಗಳನ್ನು ತಗ್ಗಿಸಲೆಂದು ಬರೆದ ಒಪ್ಪಂದ ಹೊಸ ಪೈಪೋಟಿಗೆ ದಾರಿ ಮಾಡಿತು.

ಕಡಲು ಹಾಕಿದ ತಕ್ಕಡಿ

ಕಾಗದದ ಮೇಲೆ 8,500 ಟನ್ ಎಂದು ಬರೆಯುವುದು ಸುಲಭ. ಆ ತೂಕದಲ್ಲಿ ಹದಿನೈದು ಫಿರಂಗಿ, ಹನ್ನೆರಡು ಟಾರ್ಪೆಡೊ ಕೊಳವೆ, 37 ನಾಟ್ ವೇಗದ ಯಂತ್ರ, ಮೈಗೆ ಉಕ್ಕಿನ ಕವಚ ಇವೆಲ್ಲವನ್ನೂ ಅಡಕಗೊಳಿಸುವುದು ಸುಲಭವಲ್ಲ. ತೂಕ ಉಳಿಸಲು ತೆಳುವಾದ ಉಕ್ಕು ಬಳಸಿದರು. ರಿವೆಟ್ ಬಡಿಯುವ ಬದಲು ಅನೇಕ ಕಡೆ ವಿದ್ಯುತ್ ಬೆಸುಗೆ ಹಾಕಿದರು. ಬೆಸುಗೆಯ ವಿದ್ಯೆ ಆಗಿನ್ನೂ ಎಳೆಯದು. 1935ರಲ್ಲಿ ಪರೀಕ್ಷೆಗೆಂದು ಕಡಲಿಗಿಳಿದ ಮೊಗಾಮಿಯ ಬೆಸುಗೆಗಳು ಬಿರುಕು ಬಿಟ್ಟವು. ಹಡಗಿನ ಮೈ ಸೊಟ್ಟಗಾಗಿ ಫಿರಂಗಿ ಗೋಪುರಗಳು ತಿರುಗದೆ ಸಿಕ್ಕಿಕೊಂಡವು.

ಎಚ್ಚರಿಕೆ ಅದಕ್ಕೂ ಮೊದಲೇ ಬಂದಿತ್ತು. 1934ರ ಮಾರ್ಚ್ 12ರಂದು ತೊಮೊಜುರು ಎಂಬ ಚಿಕ್ಕ ಟಾರ್ಪೆಡೊ ದೋಣಿ ಬಿರುಗಾಳಿಯಲ್ಲಿ ಮಗುಚಿಕೊಂಡಿತ್ತು. ಮೈ ಚಿಕ್ಕದು, ಮೇಲೆ ಹೇರಿದ ಅಸ್ತ್ರ ದೊಡ್ಡದು ಎಂಬುದೇ ಅದಕ್ಕೆ ಕಾರಣವಾಗಿತ್ತು. ಮರುವರ್ಷ ಸೆಪ್ಟೆಂಬರ್ 26ರಂದು ಸಮರಾಭ್ಯಾಸಕ್ಕೆ ಹೊರಟಿದ್ದ ನಾಲ್ಕನೆಯ ಪಡೆ ಪೆಸಿಫಿಕ್ಕಿನ ಭಾರಿ ಚಂಡಮಾರುತಕ್ಕೆ ಸಿಕ್ಕಿತು. ಎರಡು ಡೆಸ್ಟ್ರಾಯರ್‌ಗಳ ಮುಂಭಾಗ ಮುರಿದೇ ಹೋಯಿತು. ಆ ಪಡೆಯಲ್ಲಿದ್ದ ಮೊಗಾಮಿಯ ಮೈಯೂ ನಜ್ಜುಗುಜ್ಜಾಯಿತು. ರಾಜತಾಂತ್ರಿಕರನ್ನು ನಂಬಿಸಿದ್ದ ಲೆಕ್ಕವನ್ನು ಕಡಲು ಒಂದೇ ದಿನದಲ್ಲಿ ತಿದ್ದಿತು.

ಆಮೇಲೆ ನಡೆದದ್ದು ದೊಡ್ಡ ರಿಪೇರಿ. ಮೈಯನ್ನು ಮತ್ತೆ ಗಟ್ಟಿ ಮಾಡಿದರು. ಹಡಗು ಮಗುಚದಂತೆ ಎರಡೂ ಪಕ್ಕಗಳಿಗೆ ಉಬ್ಬು ಕೂಡಿಸಿದರು. 1937ರಲ್ಲಿ ಮುಗಿದ ಸುಜುಯಾ, ಕುಮಾನೊಗಳನ್ನು ಕಟ್ಟುವಾಗಲೇ ತಿದ್ದಿಕೊಂಡರು. ತೂಕ 11,000 ಟನ್ ದಾಟಿತು. ಅಷ್ಟರಲ್ಲಿ 1936ರ ಡಿಸೆಂಬರ್ 31ಕ್ಕೆ ಒಪ್ಪಂದಗಳ ಅವಧಿಯೂ ಮುಗಿದಿತ್ತು. 1939-40ರಲ್ಲಿ ನಾಲ್ಕೂ ಹಡಗುಗಳ ಗೋಪುರಗಳನ್ನು ಬದಲಿಸಿ ತಲಾ ಹತ್ತು 203 ಮಿಲಿಮೀಟರ್ ಫಿರಂಗಿಗಳನ್ನು ಕೂರಿಸಲಾಯಿತು. ಹೊಸ ಫಿರಂಗಿಗಳು ಎಷ್ಟು ಉದ್ದವಾಗಿದ್ದವೆಂದರೆ, ಮುಂದಿನಿಂದ ಎರಡನೆಯ ಗೋಪುರವನ್ನು ನೇರ ಮುಂದಕ್ಕೆ ತಿರುಗಿಸಿಟ್ಟಾಗ ಅದರ ನಳಿಗೆಗಳು ಮೊದಲನೆಯ ಗೋಪುರಕ್ಕೆ ತಾಗುತ್ತಿದ್ದವು. ಹಾಗಾಗಿ ಅವುಗಳನ್ನು ತುಸು ಮೇಲಕ್ಕೆತ್ತಿಯೇ ಇಡಬೇಕಾಗಿತ್ತು. ಕಿತ್ತ ಗೋಪುರಗಳಲ್ಲಿ ಕೆಲವು ಯಮಾತೊ ಎಂಬ ಮಹಾನೌಕೆಗೆ ಹೋದವು. ಹೆಸರು ಮಾತ್ರ ನದಿಯದೇ ಉಳಿಯಿತು.

ನೆಚ್ಚಿನ ಅಸ್ತ್ರ

ಫಿರಂಗಿಗಿಂತಲೂ ಜಪಾನಿ ನೌಕಾಪಡೆ ಹೆಚ್ಚು ನೆಚ್ಚಿಕೊಂಡದ್ದು ಟಾರ್ಪೆಡೊವನ್ನು. ನೀರಿನೊಳಗೆ ತಾನೇ ಈಜಿಕೊಂಡು ಹೋಗಿ ಹಡಗಿನ ಹೊಟ್ಟೆಗೆ ಬಡಿಯುವ ಈ ಅಸ್ತ್ರದ ಯಂತ್ರ ಉರುವಲಿನಿಂದ ನಡೆಯುತ್ತದೆ. ಉರುವಲು ಉರಿಯಲು ಗಾಳಿ ಬೇಕು. ಬೇರೆ ದೇಶಗಳವರು ಒತ್ತಿ ತುಂಬಿದ ಗಾಳಿ ಬಳಸುತ್ತಿದ್ದರು. ಗಾಳಿಯ ಐದರಲ್ಲಿ ನಾಲ್ಕು ಪಾಲು ಉರಿಯಲು ಬಾರದ ಸಾರಜನಕ. ಅದು ಗುಳ್ಳೆಗಳಾಗಿ ಮೇಲೆದ್ದು ಟಾರ್ಪೆಡೊ ಬರುವ ಜಾಡನ್ನೂ ತೋರಿಸಿಕೊಡುತ್ತಿತ್ತು. ಜಪಾನೀಯರು 1933ರ ಹೊತ್ತಿಗೆ ಶುದ್ಧ ಆಮ್ಲಜನಕವನ್ನೇ ತುಂಬುವ ವಿದ್ಯೆ ಸಾಧಿಸಿದರು. ಆ ಟಾರ್ಪೆಡೊ ಒಂಬತ್ತು ಮೀಟರ್ ಉದ್ದ, 2,700 ಕಿಲೊ ತೂಕ. ಮೂತಿಯಲ್ಲಿ 490 ಕಿಲೊ ಸಿಡಿಮದ್ದು. 48 ನಾಟ್ ವೇಗದಲ್ಲಿ ಹೊರಟರೆ 20 ಕಿಲೊಮೀಟರ್, ವೇಗ ತಗ್ಗಿಸಿದರೆ 40 ಕಿಲೊಮೀಟರ್ ಹೋಗುತ್ತಿತ್ತು. ನೀರಿನ ಮೇಲೆ ಜಾಡು ಕಾಣುತ್ತಲೇ ಇರಲಿಲ್ಲವೆನ್ನಬಹುದು. ಇದಕ್ಕೆ ಸಮನಾದದ್ದು ಆಗ ಬೇರೆ ಯಾರ ಬಳಿಯೂ ಇರಲಿಲ್ಲ.

ಸಂಖ್ಯೆಯಲ್ಲಿ ಕಡಿಮೆ ಇರುವವರು ರಾತ್ರಿಯ ಹೊತ್ತು ದೂರದಿಂದಲೇ ಹೊಡೆದು ಲೆಕ್ಕ ಸಮ ಮಾಡಿಕೊಳ್ಳಬೇಕು ಎಂಬುದು ಅವರ ಯೋಚನೆ. ಅದರಲ್ಲಿ ತರ್ಕವಿತ್ತು. ಆದರೆ ಈ ಅಸ್ತ್ರಗಳು ಇದ್ದದ್ದು ಹಡಗಿನ ನಡುಮೈಯಲ್ಲಿ, ಉಕ್ಕಿನ ಕವಚದ ರಕ್ಷಣೆ ಇಲ್ಲದ ಕಡೆ. ಮೊಗಾಮಿ ವರ್ಗದ ಒಂದೊಂದು ಹಡಗಿನಲ್ಲೂ ಹನ್ನೆರಡು ಕೊಳವೆ, ಜತೆಗೆ ಮರುತುಂಬಲು ಇನ್ನಷ್ಟು ಟಾರ್ಪೆಡೊ. ಟನ್ನುಗಟ್ಟಲೆ ಸಿಡಿಮದ್ದು, ಪಕ್ಕದಲ್ಲೇ ಬೆಂಕಿಗೆ ಕುಮ್ಮಕ್ಕು ಕೊಡುವ ಆಮ್ಲಜನಕ. ಯಾರ ತಲೆಯ ಮೇಲೆ ಕೈಯಿಟ್ಟರೂ ಭಸ್ಮವಾಗಲಿ ಎಂಬ ವರ ಪಡೆದ ಭಸ್ಮಾಸುರನಿಗೂ ತನ್ನ ಕೈಯ ಎಟುಕಿನಲ್ಲೇ ತನ್ನ ತಲೆಯೂ ಇದೆ ಎಂಬುದು ಮರೆತಿತ್ತು.

ಮೊದಲ ಸೂಚನೆ ಗೆಲುವಿನ ನಡುವೆಯೇ ಸಿಕ್ಕಿತು. 1942ರ ಫೆಬ್ರವರಿ 28ರ ರಾತ್ರಿ ಜಾವಾ ದ್ವೀಪದ ಪಶ್ಚಿಮದ ತುದಿಯಲ್ಲಿ ಜಪಾನಿ ಸೈನ್ಯ ದಡಕ್ಕಿಳಿಯುತ್ತಿತ್ತು. ಸುಂದಾ ಜಲಸಂಧಿಯತ್ತ ತಪ್ಪಿಸಿಕೊಂಡು ಹೊರಟಿದ್ದ ಆಸ್ಟ್ರೇಲಿಯದ ಪರ್ತ್, ಅಮೆರಿಕದ ಹ್ಯೂಸ್ಟನ್ ಎಂಬ ಕ್ರೂಸರ್‌ಗಳು ಆ ಸೈನ್ಯದ ಹಡಗುಗಳ ಮೇಲೆಯೇ ಬಂದು ಬಿದ್ದವು. ಮೊಗಾಮಿ, ಮಿಕುಮಾ ಮತ್ತು ಡೆಸ್ಟ್ರಾಯರ್‌ಗಳು ಮುತ್ತಿಕೊಂಡವು. ನಡುರಾತ್ರಿ ಕಳೆದು ಒಂದು ಗಂಟೆಯೊಳಗೆ ಎರಡೂ ಮುಳುಗಿದವು. ಪರ್ತ್‌ನ 681 ಮಂದಿಯಲ್ಲಿ 353 ಮಂದಿ ಅಲ್ಲಿಯೇ ಸತ್ತರು. ಹ್ಯೂಸ್ಟನ್ನಿನ 1,061 ಮಂದಿಯಲ್ಲಿ ಬದುಕಿದವರು 368. ಉಳಿದವರಲ್ಲಿ ಅನೇಕರು ಸೆರೆಯಾಳುಗಳಾಗಿ ಬರ್ಮಾ-ಸಯಾಂ ರೈಲುದಾರಿಯ ಜೀತಕ್ಕೆ ಹೋದರು.

ಅದೇ ರಾತ್ರಿ ಮೊಗಾಮಿ ಬಿಟ್ಟ ಟಾರ್ಪೆಡೊಗಳು ಗುರಿ ತಪ್ಪಿ ಮುಂದೆ ಸಾಗಿ, ಕೊಲ್ಲಿಯಲ್ಲಿ ನಿಂತಿದ್ದ ಸ್ವಂತ ಸೈನ್ಯದ ಸಾಗಣೆ ಹಡಗುಗಳಿಗೆ ಬಡಿದವು. ಅವುಗಳಲ್ಲೊಂದರಲ್ಲಿ ಜಾವಾ ದಂಡಯಾತ್ರೆಯ ದಂಡನಾಯಕ ಇಮಾಮುರಾ ಹಿತೋಶಿಯೇ ಇದ್ದರು. ಎಣ್ಣೆ ಹರಡಿದ ನೀರಿಗೆ ಬಿದ್ದು, ತೇಲಿಕೊಂಡು ಹೇಗೋ ದಡ ಸೇರಿದರು. ಅಷ್ಟು ದೂರ ಹೋಗಬಲ್ಲ ಅಸ್ತ್ರ ಗುರಿ ತಪ್ಪಿದರೆ ಅಷ್ಟೇ ದೂರ ಹೋಗಿ ಯಾರನ್ನಾದರೂ ಹೊಡೆಯುತ್ತದೆ. ಗೆಲುವಿನ ಸಂಭ್ರಮದಲ್ಲಿ ಅದು ಯಾರಿಗೂ ಪಾಠವಾಗಲಿಲ್ಲ.

ಬಂಗಾಳ ಕೊಲ್ಲಿಗೆ ಬಂದಾಗ

ಐದು ವಾರಗಳ ನಂತರ ಈ ನಾಲ್ಕೂ ಹಡಗುಗಳು ಭಾರತದ ಕಡಲಿಗೆ ಬಂದವು. 1942ರ ಏಪ್ರಿಲ್ 5ರಂದು ಜಪಾನಿನ ವಿಮಾನವಾಹಕ ನೌಕೆಗಳ ದೊಡ್ಡ ಪಡೆ ಕೊಲಂಬೊ ಮೇಲೆ ಬಾಂಬ್ ಹಾಕಿತು. ಅದೇ ಹೊತ್ತಿಗೆ ಅಡ್ಮಿರಲ್ ಒಜಾವಾ ನಾಯಕತ್ವದ ಇನ್ನೊಂದು ಪಡೆ ಬಂಗಾಳ ಕೊಲ್ಲಿಗೆ ನುಗ್ಗಿತು. ಏಪ್ರಿಲ್ 6ರ ಬೆಳಿಗ್ಗೆ ಅದು ಮೂರು ತುಕಡಿಯಾಗಿ ಒಡೆಯಿತು. ಕುಮಾನೊ, ಸುಜುಯಾ ಉತ್ತರಕ್ಕೆ. ಮೊಗಾಮಿ, ಮಿಕುಮಾ ದಕ್ಷಿಣಕ್ಕೆ. ನಡುವಿನ ತುಕಡಿಯಲ್ಲಿದ್ದ ರ‍್ಯುಜೊ ಎಂಬ ಚಿಕ್ಕ ವಿಮಾನವಾಹಕದಿಂದ ಹಾರಿದ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು.

ಕಲ್ಕತ್ತೆಯಿಂದ ಹೊರಟ ಸರಕು ಹಡಗುಗಳು ಒರಿಸ್ಸಾ ಮತ್ತು ಆಂಧ್ರದ ಕರಾವಳಿಯುದ್ದಕ್ಕೂ ಕಾವಲಿಲ್ಲದೆ ಸಾಗುತ್ತಿದ್ದವು. ಎಂಟು ಇಂಚಿನ ಫಿರಂಗಿಗಳೆದುರು ಅವುಗಳಿಗೆ ಉಪಾಯವೇ ಇರಲಿಲ್ಲ. ಒಜಾವಾನ ಪಡೆ ಕೆಲವೇ ದಿನಗಳಲ್ಲಿ ಸುಮಾರು 20 ಹಡಗುಗಳನ್ನು ಮುಳುಗಿಸಿತು. ಒಟ್ಟು ತೂಕ ಒಂದು ಲಕ್ಷ ಟನ್ನಿಗೂ ಮೇಲೆ. ಮುಳುಗಿದವುಗಳಲ್ಲಿ ಮಾಲ್ದಾ, ಇಂದೋರಾ, ಗಂದಾರಾ ಎಂಬ ಹೆಸರುಗಳಿವೆ. ಅವು ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು. ಬಾವುಟ ಬ್ರಿಟಿಷರದು, ಅಧಿಕಾರಿಗಳೂ ಅವರೇ. ಒಲೆಯ ಮುಂದೆ ಬೇಯುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರು ಭಾರತದ ಖಲಾಸಿಗಳು. ಒರಿಸ್ಸಾದ ದಡಕ್ಕೆ ದೋಣಿಗಳಲ್ಲಿ ಬಂದು ಬಿದ್ದ ಗಾಯಾಳುಗಳಲ್ಲಿ, ದಡ ಮುಟ್ಟದೆ ಹೋದವರಲ್ಲಿ ಅವರೂ ಇದ್ದರು. ಯುದ್ಧದ ಚರಿತ್ರೆಗಳು ಈ ದಾಳಿಯನ್ನು ಟನ್ನುಗಳಲ್ಲಿ ಲೆಕ್ಕ ಹಾಕುತ್ತವೆ. ಖಲಾಸಿಗಳ ಹೆಸರು ಅಲ್ಲಿ ಅಪರೂಪ.

ಪೂರ್ವ ಕರಾವಳಿಯಲ್ಲಿ ಭೀತಿ ಹಬ್ಬಿತು. ಜಪಾನೀಯರು ಇಳಿಯುತ್ತಾರೆಂಬ ಸುದ್ದಿಗೆ ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿದರು. ಸರ್ಕಾರಿ ಕಚೇರಿಗಳನ್ನು ಒಳನಾಡಿಗೆ ಸಾಗಿಸಲಾಯಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆಡಳಿತ ಕಾಣುತ್ತಿದ್ದುದು ಅದೇ ಮದರಾಸಿನಿಂದ. ಯಾವ ಸೈನ್ಯವೂ ಇಳಿಯಲಿಲ್ಲ. ಹಡಗುಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಆದರೆ ಇನ್ನೂರು ವರ್ಷಗಳಿಂದ ಭಾರತದ ಕಡಲನ್ನು ಕಾಯುತ್ತಿದ್ದೇವೆಂದು ಹೇಳಿಕೊಂಡವರಿಗೆ ಅದನ್ನು ಕಾಯಲಾಗಲಿಲ್ಲವೆಂಬುದನ್ನು ಜನ ಕಣ್ಣಾರೆ ಕಂಡರು.

ಮಿಡ್ವೇಯ ಇರುಳು

ಎರಡು ತಿಂಗಳಿಗೆ ಗಾಳಿ ತಿರುಗಿತು. 1942ರ ಜೂನ್ 4ರಂದು ಪೆಸಿಫಿಕ್ಕಿನ ನಡುವಿನ ಮಿಡ್ವೇ ದ್ವೀಪದ ಬಳಿ ಜಪಾನ್ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ದ್ವೀಪದ ಮೇಲೆ ರಾತ್ರಿ ಗುಂಡಿನ ಮಳೆ ಸುರಿಸಲು ಅಡ್ಮಿರಲ್ ಕುರಿತಾ ಈ ನಾಲ್ಕೂ ಕ್ರೂಸರ್‌ಗಳೊಡನೆ ಧಾವಿಸುತ್ತಿದ್ದರು. ದಾರಿಯಲ್ಲೇ ಅಪ್ಪಣೆ ರದ್ದಾಯಿತು. ಹಡಗುಗಳು ಹಿಂದೆ ತಿರುಗಿದವು. 5ರ ನಸುಕಿಗೆ ಮೊದಲು, ಕತ್ತಲಲ್ಲಿ ಅಮೆರಿಕದ ಟ್ಯಾಂಬರ್ ಎಂಬ ಜಲಾಂತರ್ಗಾಮಿ ಕಣ್ಣಿಗೆ ಬಿತ್ತು. ಮುಂದಾಳು ಕುಮಾನೊ ಥಟ್ಟನೆ ಎಡಕ್ಕೆ ತಿರುಗಲು ಸಂಜ್ಞೆ ಮಾಡಿತು. ಒಂದರ ಹಿಂದೊಂದು ಭರದಿಂದ ಬರುತ್ತಿದ್ದ ಹಡಗುಗಳಲ್ಲಿ ಯಾವುದು ಎಷ್ಟು ತಿರುಗಬೇಕು ಎಂಬುದು ಗೊಂದಲವಾಯಿತು. ಕೊನೆಯಲ್ಲಿದ್ದ ಮೊಗಾಮಿ ಮಿಕುಮಾದ ಪಕ್ಕೆಗೆ ಗುದ್ದಿತು. ಮೊಗಾಮಿಯ ಮುಂಭಾಗ ಮೊದಲ ಗೋಪುರದ ಹತ್ತಿರದವರೆಗೂ ಮಡಚಿಕೊಂಡಿತು. ಮಿಕುಮಾದ ಎಣ್ಣೆಯ ತೊಟ್ಟಿ ಒಡೆದು, ಹೋದ ದಾರಿಯುದ್ದಕ್ಕೂ ಎಣ್ಣೆಯ ಗೆರೆ ಬಿತ್ತು. ಶತ್ರು ಒಂದೂ ಗುಂಡು ಹಾರಿಸಿರಲಿಲ್ಲ. ಕುಮಾನೊ, ಸುಜುಯಾ ಮುಂದೆ ಹೋದವು. ಗಾಯಗೊಂಡ ಎರಡು ಹಿಂದುಳಿದವು.

ಕಡಲಿನ ಮೇಲಿನ ಎಣ್ಣೆಯ ಗೆರೆ ವಿಮಾನದವರಿಗೆ ದಾರಿ ತೋರುವ ಕೈಮರ. 5ರಂದು ಮಿಡ್ವೇಯಿಂದ, 6ರಂದು ಅಮೆರಿಕದ ವಿಮಾನವಾಹಕಗಳಿಂದ ವಿಮಾನಗಳು ಅಲೆಯಲೆಯಾಗಿ ಬಂದವು.

ಮೊಗಾಮಿಯಲ್ಲಿ ಬೆಂಕಿ ಆರಿಸುವ, ಬಿರುಕು ಮುಚ್ಚುವ ಕೆಲಸದ ಹೊಣೆ ಸರುವತಾರಿ ಎಂಬ ಅಧಿಕಾರಿಯದು. ಮುಂಭಾಗವಿಲ್ಲದ ಹಡಗು, ಬೆಳಗಾದರೆ ವಿಮಾನ ಬರುವುದು ಖಚಿತ. ಆತ ಟಾರ್ಪೆಡೊಗಳನ್ನೆಲ್ಲ ಕಡಲಿಗೆ ಬಿಸಾಡಿಸಿದರು. ದಾಳಿಯೇ ಧರ್ಮವೆಂದು ಕಲಿಸುವ ಪಡೆಯಲ್ಲಿ ಹಡಗಿನ ಅತಿ ಬೆಲೆಯುಳ್ಳ ಅಸ್ತ್ರವನ್ನು ಕೈಯಾರೆ ನೀರಿಗೆ ತಳ್ಳಿಸುವುದು ಸಣ್ಣ ತೀರ್ಮಾನವಲ್ಲ. ಮಿಕುಮಾದಲ್ಲಿ ಟಾರ್ಪೆಡೊಗಳು ಇದ್ದಲ್ಲೇ ಇದ್ದವು.

6ರಂದು ಎರಡೂ ಹಡಗುಗಳಿಗೆ ಹೆಚ್ಚು ಕಡಿಮೆ ಅಷ್ಟಷ್ಟೇ ಬಾಂಬ್ ಬಿದ್ದವು. ಮಿಕುಮಾದ ಬೆಂಕಿ ಟಾರ್ಪೆಡೊಗಳಿಗೆ ತಗುಲಿತು. ಹಡಗಿನ ನಡುಮೈಯೇ ಸಿಡಿದುಹೋಯಿತು. ಅದು ಮುಳುಗಿದಾಗ ಸುಮಾರು 650 ಮಂದಿ ಹೋದರು. ಈ ಯುದ್ಧದಲ್ಲಿ ಜಪಾನ್ ಕಳೆದುಕೊಂಡ ಮೊದಲ ಭಾರಿ ಕ್ರೂಸರ್ ಅದು. ಮೊಗಾಮಿಯಲ್ಲಿ ಸತ್ತವರು ಸುಮಾರು 90. ಮೂತಿ ಮುರಿದ, ಮೈ ಸುಟ್ಟ ಆ ಹಡಗು ಕುಂಟುತ್ತ ತನ್ನ ನೆಲೆ ಸೇರಿತು. ಎರಡು ಹಡಗುಗಳನ್ನು ಕಟ್ಟಿದ ನಕ್ಷೆ ಒಂದೇ, ಬಿದ್ದ ಪೆಟ್ಟೂ ಹೆಚ್ಚು ಕಡಿಮೆ ಒಂದೇ. ನೂರಾರು ಜೀವಗಳ ವ್ಯತ್ಯಾಸ ಮಾಡಿದ್ದರಲ್ಲಿ ದೊಡ್ಡ ಪಾಲು ಟಾರ್ಪೆಡೊಗಳದು. ಹೊತ್ತಿ ಉರಿಯುತ್ತಿರುವ ಮಿಕುಮಾದ ಛಾಯಾಚಿತ್ರವನ್ನು ಅಮೆರಿಕದ ವಿಮಾನದವರು ತೆಗೆದರು. ಪೆಸಿಫಿಕ್ ಯುದ್ಧದ ಪುಸ್ತಕಗಳಲ್ಲಿ ಅದು ಇಂದಿಗೂ ಅಚ್ಚಾಗುತ್ತದೆ.

ಉಳಿದ ಮೂರು

ಮೊಗಾಮಿಯನ್ನು ಸಸೆಬೊ ನೌಕಾಂಗಣದಲ್ಲಿ ಮತ್ತೆ ಕಟ್ಟಿದರು. ಹಿಂದಿನ ಎರಡು ಗೋಪುರಗಳನ್ನು ತೆಗೆದು ಹನ್ನೊಂದು ಕಡಲವಿಮಾನಗಳಿಗೆ ಅಂಗಳ ಮಾಡಿದರು. 1943ರ ಏಪ್ರಿಲ್‌ನಲ್ಲಿ ಅದು ಹಿಂದಿರುಗಿತು. ಸುಜುಯಾ, ಕುಮಾನೊಗಳು ಸೊಲೊಮನ್ ದ್ವೀಪಗಳ ಕದನಗಳಲ್ಲಿ ಸವೆದವು. ಮೂರೂ ಕೊನೆಗೆ ಬಂದದ್ದು 1944ರ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಲೇತೆ ಕೊಲ್ಲಿಗೆ.

ಅಕ್ಟೋಬರ್ 25ರ ನಸುಕಿನಲ್ಲಿ ಸುರಿಗಾವೊ ಜಲಸಂಧಿಯಲ್ಲಿ ಮೊಗಾಮಿ ಅಮೆರಿಕದ ಫಿರಂಗಿಗಳ ಬಲೆಗೆ ಬಿತ್ತು. ಚಾಲನೆಯ ಕಟ್ಟೆಗೆ ಗುಂಡು ಬಿದ್ದು ಕಪ್ತಾನನೇ ಸತ್ತ. ಉರಿಯುತ್ತ ಹಿಂದೆ ಸರಿಯುತ್ತಿದ್ದಾಗ, ಅದು ನಿಂತಿದೆಯೆಂದು ಭಾವಿಸಿ ಬಂದ ಸ್ವಪಕ್ಷದ ನಾಚಿ ಎಂಬ ಕ್ರೂಸರ್ ಡಿಕ್ಕಿ ಹೊಡೆಯಿತು. ಬೆಳಗಾದ ಮೇಲೆ ವಿಮಾನಗಳೂ ಬಂದವು. ಕೊನೆಗೆ ಜಪಾನಿನದೇ ಡೆಸ್ಟ್ರಾಯರ್ ಅಕೆಬೊನೊ ಟಾರ್ಪೆಡೊ ಹೊಡೆದು ಅದನ್ನು ಮುಳುಗಿಸಿತು.

ಅದೇ ಬೆಳಿಗ್ಗೆ ಸಮಾರ್ ದ್ವೀಪದ ಬಳಿ ಸುಜುಯಾ ಸತ್ತ ರೀತಿ ಇನ್ನೂ ಯೋಚಿಸುವಂಥದು. ಅದಕ್ಕೆ ಮಾರಕವಾದ ಬಾಂಬ್ ನೇರವಾಗಿ ಬೀಳಲೇ ಇಲ್ಲ. ಪಕ್ಕದ ನೀರಿಗೆ ಬಿತ್ತು. ಆ ಹೊಡೆತಕ್ಕೆ ಬಲಗಡೆಯ ಕೊಳವೆಗಳಲ್ಲಿದ್ದ ಟಾರ್ಪೆಡೊಗಳು ಸಿಡಿದು ಬೆಂಕಿ ಹತ್ತಿತು. ಆ ಬೆಂಕಿಗೆ ಉಳಿದವೂ ಸಿಡಿದವು. ಮಧ್ಯಾಹ್ನದ ಹೊತ್ತಿಗೆ ಹಡಗು ಮುಳುಗಿತು. ಮಿಡ್ವೇಯಲ್ಲಿ ಇದೇ ವರ್ಗದ ಎರಡು ಹಡಗುಗಳು ಕಲಿಸಿದ್ದ ಪಾಠಕ್ಕೆ ಆಗಲೇ ಎರಡು ವರ್ಷ ಕಳೆದಿತ್ತು.

ಕುಮಾನೊದ ಸಾವು ಒಂದು ತಿಂಗಳು ಹಿಡಿಯಿತು. 25ರಂದೇ ಅಮೆರಿಕದ ಜಾನ್‌ಸ್ಟನ್ ಎಂಬ ಡೆಸ್ಟ್ರಾಯರಿನ ಟಾರ್ಪೆಡೊ ಅದರ ಮುಂಭಾಗವನ್ನು ಹಾರಿಸಿತು. ಮರುದಿನ ವಿಮಾನಗಳು ಕಾಡಿದವು. ಹೇಗೋ ಮನಿಲಾ ಸೇರಿ, ತೇಪೆ ಹಾಕಿಸಿಕೊಂಡು ಜಪಾನಿನತ್ತ ಹೊರಟಿತು. ನವೆಂಬರ್ 6ರಂದು ನಾಲ್ಕು ಜಲಾಂತರ್ಗಾಮಿಗಳು ಸರದಿಯಂತೆ ಅದರ ಮೇಲೆ ಎರಗಿದವು. ಎರಡು ಟಾರ್ಪೆಡೊ ತಗುಲಿ ತೇಪೆ ಹಾಕಿದ್ದ ಮುಂಭಾಗವೂ ಹೋಯಿತು. ಲೂಜಾನ್ ದ್ವೀಪದ ಕೊಲ್ಲಿಯೊಂದಕ್ಕೆ ಎಳೆದು ತಂದು ಮತ್ತೆ ರಿಪೇರಿಗೆ ತೊಡಗಿದರು. ನವೆಂಬರ್ 25ರಂದು ಟೈಕಾಂಡೆರೋಗ ನೌಕೆಯ ವಿಮಾನಗಳು ಅಲ್ಲಿಯೇ ಅದನ್ನು ಮುಗಿಸಿದವು.

ಹೆಸರುಗಳು ಮರಳಿದಾಗ

2019ರ ಮೇ ತಿಂಗಳಲ್ಲಿ ಪೆಟ್ರೆಲ್ ಎಂಬ ಸಂಶೋಧನಾ ನೌಕೆ ಮೊಗಾಮಿಯ ಅವಶೇಷವನ್ನು 1,450 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಅಷ್ಟರಲ್ಲಿ ಆ ಹೆಸರು ಇನ್ನೊಂದು ಹಡಗಿಗೆ ಸಿದ್ಧವಾಗುತ್ತಿತ್ತು. ಜಪಾನಿನ ಸ್ವರಕ್ಷಣಾ ಪಡೆಗೆ 2022ರಲ್ಲಿ ಹೊಸ ಮೊಗಾಮಿ, ಹೊಸ ಕುಮಾನೊ ಸೇರಿದವು, 2023ರಲ್ಲಿ ಮಿಕುಮಾ. ಇವು ಫ್ರಿಗೇಟ್‌ಗಳು. ಸುಮಾರು 90 ಮಂದಿಯೇ ನಡೆಸಬಲ್ಲಂಥವು. ಸುಜುಯಾ ಹೆಸರು ಮಾತ್ರ ಈ ಸಾಲಿನಲ್ಲಿ ಬಂದಿಲ್ಲ. ಆ ನದಿ ಹರಿಯುವ ದಕ್ಷಿಣ ಸಖಾಲಿನ್ 1945ರಲ್ಲಿ ಜಪಾನಿನ ಕೈತಪ್ಪಿತು. ಇಂದು ಅದು ರಷ್ಯದ ನೆಲ.

2025ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯ ತನ್ನ ನೌಕಾಪಡೆಗೆ ಹೊಸ ಫ್ರಿಗೇಟ್‌ಗಳನ್ನು ಆರಿಸಿಕೊಂಡಿತು. ಆರಿಸಿದ್ದು ಈ ಹೊಸ ಮೊಗಾಮಿಯ ಸುಧಾರಿತ ರೂಪವನ್ನೇ. ಸುಂದಾ ಜಲಸಂಧಿಯಲ್ಲಿ ಪರ್ತ್‌ನೊಡನೆ 353 ಮಂದಿಯನ್ನು ಕಳೆದುಕೊಂಡ ದೇಶ ಮುಂದೆ ತನ್ನ ನಾವಿಕರನ್ನು ಆ ಹೆಸರಿನ ವರ್ಗದ ಹಡಗುಗಳಲ್ಲಿ ಕಡಲಿಗೆ ಕಳಿಸಲಿದೆ. ಹಗೆ ಶಾಶ್ವತವಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಹಗೆ ಅಳಿದರೂ ಆ ನಾಲ್ಕು ಹಡಗುಗಳ ಲೆಕ್ಕ ಉಳಿಯುತ್ತದೆ. ಹೊಡೆಯುವ ಬಲವೆಷ್ಟು ಎಂದು ಅವನ್ನು ಕಟ್ಟಿದವರು ಕೊನೆಯ ಟನ್ನಿನವರೆಗೂ ಎಣಿಸಿದ್ದರು. ಆ ಬಲವನ್ನು ಹೊರುವ ಮೈ ಎಷ್ಟು ಗಟ್ಟಿ, ಅದರ ಪಕ್ಕದಲ್ಲೇ ಮಲಗುವವರ ಗತಿಯೇನು ಎಂಬ ಪ್ರಶ್ನೆಗೆ ಅಷ್ಟು ಜಾಗ ಕೊಟ್ಟಿರಲಿಲ್ಲ. ಆ ಪ್ರಶ್ನೆಯನ್ನು ಕೇಳಿಕೊಂಡ ಒಬ್ಬ ಅಧಿಕಾರಿ ಮಿಡ್ವೇಯ ಕಡಲಿಗೆ ಟಾರ್ಪೆಡೊಗಳನ್ನು ಎಸೆಸಿದರು. ಅದರಿಂದ ಬದುಕಿದವರು ನೂರಾರು ಮಂದಿ.